ಅಂಜೂರ ಗಿಡ ಸೊಂಪಾಗಿದೆ, ಹಣ್ಣು ಮಾತ್ರ ಇಲ್ಲ: ಮಲೆನಾಡಲ್ಲಿ ತಪ್ಪಾಗ್ತಿರೋದು ಎಲ್ಲಿ?

ಮೂಡಿಗೆರೆ: ಸಂತೆ ದಿನ ಗಿಡ ತುಂಬಿಕೊಂಡು ಬರೋ ಪಿಕಪ್ ಗಾಡಿಗಳನ್ನ ನೀವೂ ನೋಡಿರ್ತೀರಿ. ಮಾವು, ಸಪೋಟ, ನಿಂಬೆ ಜೊತೆಗೆ ಈಗ ಎರಡು ವರ್ಷದಿಂದ ಅಂಜೂರ ಗಿಡಾನೂ ಜೋರಾಗಿ ಮಾರಾಟ ಆಗ್ತಿದೆ. 'ಕಾಬೂಲ್ ಅಂಜೂರ, ಆರೇ ತಿಂಗಳಿಗೆ ಹಣ್ಣು' ಅಂತ ಮೈಕಲ್ಲಿ ಕೂಗ್ತಾರೆ. ಅಂಗಡಿಯಲ್ಲಿ ಒಣ ಅಂಜೂರದ ರೇಟು ಕೇಳಿ ಸುಸ್ತಾದವರು, ಒಂದು ಗಿಡ ಇರಲಿ ಅಂತ ತಗೊಂಡು ಹೋಗ್ತಾರೆ. ಎರಡು ವರ್ಷ ಆದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಎಲೆ ಚೆನ್ನಾಗಿದೆ, ಕಾಯಿ ಬಿಡ್ತಿಲ್ಲ. ಬಿಟ್ಟರೂ ಕೊಳೆತು ಬೀಳುತ್ತೆ.

ಇನ್ನು ಕೆಲವರು 'ಅದು ಬಯಲುಸೀಮೆ ಗಿಡ, ನಮ್ಮ ಚಳಿಗೆ ಆಗಲ್ಲ' ಅಂತ ಕಡಿದು ಹಾಕಿದ್ದಾರೆ. ಆ ಮಾತು ಅರ್ಧ ಮಾತ್ರ ನಿಜ. ನಮ್ಮ ಹವೆಯಲ್ಲೂ ಮನೆಗೆ ಬೇಕಾದಷ್ಟು ಅಂಜೂರ ತಿನ್ನಬಹುದು. ಆದರೆ ಬಯಲುಸೀಮೆಯವರು ಬೆಳೆದ ಹಾಗೆ ಬೆಳೆದರೆ ಆಗಲ್ಲ. ಅದು ಯಾಕೆ, ಹೇಗೆ ಅನ್ನೋದೇ ಈ ವರದಿ.

ಮೊದಲು ನನ್ನ ಕಥೆ

ಇದನ್ನ ಪುಸ್ತಕ ಓದಿ ಬರೀತಿಲ್ಲ, ಮೂರು ಸಲ ಏಟು ತಿಂದು ಬರೀತಿದ್ದೀನಿ. ಬಿ.ಕಾಂ ಎರಡನೇ ವರ್ಷಕ್ಕೆ ಬಿಟ್ಟು ಮನೆಯಲ್ಲಿ ಕೂತಿದ್ದಾಗ, ಅಂಗಡಿಯಿಂದ ತಂದ ಒಣ ಅಂಜೂರದ ಬೀಜ ತೆಗೆದು ಮಣ್ಣಿಗೆ ಹಾಕಿದ್ದೆ. ಏಳು ಗಿಡ ಬಂತು. ನಾಲ್ಕು ವರ್ಷ ನೀರು, ಗೊಬ್ಬರ ಎಲ್ಲಾ ಹಾಕಿದೆ. ಒಂದೂ ಹಣ್ಣಾಗಲಿಲ್ಲ. 'ಕಾಲೇಜೂ ಅರ್ಧ, ಗಿಡಾನೂ ಅರ್ಧ' ಅಂತ ಅಮ್ಮ ನೆಂಟರ ಮುಂದೆ ಹೇಳಿ ನಗ್ತಿದ್ರು.

ಎರಡನೇ ಸಲ ದುಡ್ಡು ಕೊಟ್ಟು ನರ್ಸರಿ ಗಿಡ ತಂದು ಕೊಟ್ಟಿಗೆ ಪಕ್ಕ ನೆಟ್ಟೆ. ಗೊಬ್ಬರಗುಂಡಿ ಹತ್ತಿರಾನೇ ಇದ್ದಿದ್ದರಿಂದ ಗಿಡ ಎರಡೇ ವರ್ಷಕ್ಕೆ ಮನೆ ಸೂರು ಮುಟ್ಟಿತು. ಜೂನ್‌ನಲ್ಲಿ ಕಾಯಿ ಕಚ್ಚಿತು. ಜುಲೈ ಮಳೆಗೆ ಎಲೆ ಪೂರ್ತಿ ಉದುರಿ, ಕಾಯಿ ಕಪ್ಪಾಗಿ ನೆಲ ಸೇರಿತು.

ಮೂರನೇ ಸಲ ಬೀರೂರಿನ ನೆಂಟರ ಮನೆಯಲ್ಲಿ ಹಣ್ಣು ಬಿಡ್ತಿದ್ದ ಮರದಿಂದ ಕಡ್ಡಿ ತಂದು, ಹಳೇ ಡ್ರಮ್ ಕತ್ತರಿಸಿ ಅದರಲ್ಲಿ ನೆಟ್ಟು, ಕಾಫಿ ಕಣದ ಅಂಚಲ್ಲಿ ಇಟ್ಟೆ. ಎರಡನೇ ವರ್ಷದ ಮಾರ್ಚ್‌ನಲ್ಲಿ ಹನ್ನೊಂದು ಹಣ್ಣು ಸಿಕ್ತು. ಕಳೆದ ಬೇಸಿಗೆಯಲ್ಲಿ ಅರವತ್ತು ದಾಟಿತು. ಈಗ ಅಮ್ಮನೇ ಅಕ್ಕಪಕ್ಕದವರಿಗೆ ಕಡ್ಡಿ ಕೊಡ್ತಿದ್ದಾರೆ.

ಮೂರೂ ಸಲ ಮನೆ ಅದೇ, ಚಳಿ ಅದೇ. ಬದಲಾಗಿದ್ದು ಗಿಡ, ಜಾಗ ಮತ್ತು ತಿಂಗಳು.

ತೊಂದರೆ ಚಳಿಯದ್ದಲ್ಲ, ಮಳೆಯದ್ದು

ಅಂಜೂರ ಪಶ್ಚಿಮ ಏಷ್ಯಾ, ಮೆಡಿಟರೇನಿಯನ್ ಕಡೆಯ ಮರ. ಅಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಮರಕ್ಕೆ ಎಲೆ ಇಲ್ಲದಿರುವಾಗ. ಹಣ್ಣಾಗೋ ಕಾಲದಲ್ಲಿ ಬರೀ ಬಿಸಿಲು. ಎಲೆ ಉದುರಿಸಿ ಮಲಗಿರೋ ದೊಡ್ಡ ಮರ ಸೊನ್ನೆಗಿಂತ ಎಂಟು ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಕ್ರೈಸ್ಟ್ ಚರ್ಚ್ ಕಾಲೇಜಿನ ತೋಟದಲ್ಲಿ 1648ರಲ್ಲಿ ನೆಟ್ಟಿದ್ದು ಅನ್ನೋ ಅಂಜೂರ ಇವತ್ತಿಗೂ ಇದೆ. ಹಿಮ ಬೀಳೋ ಊರಲ್ಲಿ ಬದುಕೋ ಗಿಡಕ್ಕೆ ನಮ್ಮ ಡಿಸೆಂಬರ್ ಚಳಿ ಲೆಕ್ಕಕ್ಕೇ ಇಲ್ಲ.

ಆದರೆ ಮಳೆ ಬೇರೆ ವಿಷಯ. ಮೂಡಿಗೆರೆಯಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟೋದು ಮಾಮೂಲು. ನಮ್ಮದೇ ಜಿಲ್ಲೆಯ ಕಡೂರಿನಲ್ಲಿ ಅದರ ಮೂರರಲ್ಲಿ ಒಂದು ಪಾಲಿನಷ್ಟು ಬಂದರೆ ಹೆಚ್ಚು. ಅದಕ್ಕೇ ಬೀರೂರಲ್ಲಿ ಹಿತ್ತಲಲ್ಲಿ ಸುಮ್ಮನೆ ನೆಟ್ಟರೂ ಹಣ್ಣು ಬರುತ್ತೆ, ಇಲ್ಲಿ ಬರಲ್ಲ. ಸತತ ಮಳೆಗೆ ಬೇರು ಉಸಿರು ಕಟ್ಟುತ್ತೆ, ಎಲೆಗೆ ತುಕ್ಕು ರೋಗ ಬರುತ್ತೆ, ಕಾಯಿ ತುದಿಯ ಕಣ್ಣಿನಿಂದ ನೀರು ಒಳಗೆ ಹೋಗಿ ಹುಳಿಯುತ್ತೆ.

ಚಳಿ ದೇಶದವರು ಮಾಡೋದು ಇಷ್ಟು: ಗಿಡವನ್ನ ಬಿಸಿಲು ಬೀಳೋ ಗೋಡೆಗೆ ಒತ್ತಿ ಬೆಳೆಸ್ತಾರೆ, ಬೇರು ಹರಡದ ಹಾಗೆ ಕಲ್ಲು ಚಪ್ಪಡಿ ಕೂರಿಸಿದ ಸಣ್ಣ ಗುಂಡಿಯಲ್ಲಿ ನೆಡ್ತಾರೆ, ಚಳಿಗಾಲದಲ್ಲಿ ಗಿಡಕ್ಕೆ ರಜೆ ಕೊಡ್ತಾರೆ. ನಾವು ಮಾಡಬೇಕಾದ್ದೂ ಅದೇ. ವ್ಯತ್ಯಾಸ ಒಂದೇ. ಅವರ ಗಿಡಕ್ಕೆ ಚಳಿಗಾಲದಲ್ಲಿ ರಜೆ, ನಮ್ಮ ಗಿಡಕ್ಕೆ ಮಳೆಗಾಲದಲ್ಲಿ ರಜೆ.

ಬೀಜದ ಗಿಡ ಬೇಡವೇ ಬೇಡ

ನನ್ನ ಏಳು ಗಿಡ ಯಾಕೆ ಹಣ್ಣು ಬಿಡಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಅಂಜೂರ ನಮ್ಮ ಅತ್ತಿ, ಆಲ, ಅರಳಿ ಇವುಗಳ ಕುಲದ್ದೇ ಮರ. ಇವಕ್ಕೆ ಹೂ ಹೊರಗೆ ಕಾಣಲ್ಲ. ನಾವು ಕಾಯಿ ಅಂದುಕೊಳ್ಳೋದರ ಒಳಗೇ ನೂರಾರು ಸಣ್ಣ ಹೂ ಇರುತ್ತೆ. ಆ ಹೂಗಳಿಗೆ ಪರಾಗ ತಲುಪಬೇಕಾದರೆ ತುದಿಯ ಸಣ್ಣ ತೂತಿನಿಂದ ಒಂದು ಪುಟ್ಟ ಕಣಜ ಒಳಗೆ ಹೋಗಬೇಕು. ಅತ್ತಿಹಣ್ಣು ಬಿಡಿಸಿದರೆ ಹುಳ ಕಾಣೋದು ಇದೇ ಕಾರಣಕ್ಕೆ. ಅತ್ತಿಗೆ ಅದರದ್ದೇ ಕಣಜ, ಅಂಜೂರಕ್ಕೆ ಅದರದ್ದೇ ಬೇರೆ ಕಣಜ. ಅತ್ತಿಯ ಕಣಜ ಅಂಜೂರದ ಕೆಲಸ ಮಾಡಲ್ಲ.

ಅಂಜೂರದಲ್ಲಿ ಮುಖ್ಯವಾಗಿ ಎರಡು ಥರ ನೆನಪಿಡಿ. ಒಂದಕ್ಕೆ ಪರಾಗವೇ ಬೇಡ, ತಾನಾಗಿ ಹಣ್ಣಾಗುತ್ತೆ. ಪೂನಾ, ಬಳ್ಳಾರಿ, ಬ್ರೌನ್ ಟರ್ಕಿ ಈ ಗುಂಪಿಗೆ ಸೇರಿದವು. ಇನ್ನೊಂದು ಸ್ಮಿರ್ನಾ ಅನ್ನೋ ಗುಂಪು. ಅದಕ್ಕೆ ಗಂಡು ಮರ ಹತ್ತಿರ ಇರಬೇಕು, ಕಣಜಾನೂ ಇರಬೇಕು. ಇಲ್ಲ ಅಂದ್ರೆ ಕಾಯಿ ಸ್ವಲ್ಪ ದಪ್ಪ ಆಗಿ ಉದುರಿ ಹೋಗುತ್ತೆ. ಟರ್ಕಿಯ ಹೆಸರುವಾಸಿ ಒಣ ಅಂಜೂರ ಈ ಸ್ಮಿರ್ನಾ ಗುಂಪಿನದ್ದು. ಅಂಥ ಹಣ್ಣಿನ ಬೀಜ ಮೊಳೆಯುತ್ತೆ ನಿಜ. ಹುಟ್ಟೋ ಗಿಡಗಳಲ್ಲಿ ಸುಮಾರು ಅರ್ಧ ಗಂಡು, ತಿನ್ನೋ ಹಣ್ಣು ಕೊಡಲ್ಲ. ಮಿಕ್ಕಿದ್ದು ಹೆಣ್ಣಾದರೂ ಕಣಜ ಇಲ್ಲದೆ ಹಣ್ಣಾಗಲ್ಲ.

ಮೋಸ ಹೋದವರು ನಾವೊಬ್ಬರೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ರೈತರು 1880ರ ದಶಕದಲ್ಲಿ ಟರ್ಕಿಯಿಂದ ಸ್ಮಿರ್ನಾ ಕಡ್ಡಿ ತರಿಸಿ ತೋಟ ಮಾಡಿದರು. ವರ್ಷಗಟ್ಟಲೆ ಕಾಯಿ ಉದುರ್ತಾನೇ ಇತ್ತು. 1899ರಲ್ಲಿ ಫ್ರೆಸ್ನೋ ಹತ್ತಿರ ಕಣಜ ತಂದು ನೆಲೆ ಮಾಡಿಸಿದ ಮೇಲೇ ಅವರಿಗೆ ಹಣ್ಣು ಸಿಕ್ಕಿದ್ದು.

ಹಾಗಾದರೆ ಮನೆ ಅಂಜೂರದಲ್ಲಿ ಹುಳ ಇರುತ್ತಾ? ಸಸ್ಯಾಹಾರಿಗಳು ತುಂಬಾ ಜನ ಕೇಳೋ ಪ್ರಶ್ನೆ. ಪೂನಾ, ಬ್ರೌನ್ ಟರ್ಕಿ ಥರದವು ಕಣಜ ಇಲ್ಲದೇ ಹಣ್ಣಾಗೋದರಿಂದ ಆ ಚಿಂತೆ ಬೇಡ. ಒಳಗಿನ ಕರಕರ ಅನ್ನೋದು ಹೂವಿನಿಂದ ಆದ ಸಣ್ಣ ಬೀಜದ ಸಿಪ್ಪೆ, ಹುಳ ಅಲ್ಲ.

ಆದ್ದರಿಂದ ಗಿಡ ಬೇಕು ಅಂದ್ರೆ ಹಣ್ಣು ಬಿಡ್ತಿರೋ ಮರದ ಕಡ್ಡಿ ತನ್ನಿ. ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ, ಮೂರು ನಾಲ್ಕು ಗೆಣ್ಣಿರೋ ಬಲಿತ ಕಡ್ಡಿ ಸಾಕು. ಎರಡು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ ನೆರಳಲ್ಲಿಡಿ. ಒಂದೂವರೆ ತಿಂಗಳಲ್ಲಿ ಬೇರು ಬಿಡುತ್ತೆ. ಮರ ಯಾವುದೋ ಮಗಳೂ ಅದೇ. ಬೀಜದ ಹಾಗೆ ಅದೃಷ್ಟದ ಆಟ ಇಲ್ಲ.

ಜಾಗ, ಡ್ರಮ್, ಮಣ್ಣು

ದಿನಕ್ಕೆ ಕಮ್ಮಿ ಅಂದ್ರೂ ಆರು ಗಂಟೆ ನೇರ ಬಿಸಿಲು ಬೇಕು. ಸಿಲ್ವರ್ ಓಕ್ ನೆರಳಲ್ಲಿ ಕಾಫಿ ಆಗಬಹುದು, ಅಂಜೂರ ಆಗಲ್ಲ. ದಸರಾದಿಂದ ಶಿವರಾತ್ರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಅದಕ್ಕೇ ಮನೆಯ ದಕ್ಷಿಣ ಇಲ್ಲಾ ನೈಋತ್ಯ ಕಡೆಯ ಗೋಡೆ ಹತ್ತಿರ ಇಟ್ಟರೆ ಒಳ್ಳೇದು. ಹಗಲು ಕಾದ ಗೋಡೆ ರಾತ್ರಿ ಸ್ವಲ್ಪ ಬಿಸಿ ಬಿಡುತ್ತೆ. ಚಳಿಗಾಲದಲ್ಲಿ ಕಾಯಿಗೆ ಅದೇ ಕಂಬಳಿ. ಕಾಫಿ ಕಣದ ಅಂಚೂ ಆಗುತ್ತೆ.

ನೆಲಕ್ಕಿಂತ ಡ್ರಮ್ ವಾಸಿ. 200 ಲೀಟರಿನ ನೀಲಿ ಡ್ರಮ್ ಅರ್ಧ ಕತ್ತರಿಸಿದರೆ ಎರಡು ಗಿಡಕ್ಕೆ ಆಯ್ತು. ತಳದಲ್ಲಿ ಎಂಟು ಹತ್ತು ತೂತು ಮಾಡಿ, ಇಟ್ಟಿಗೆ ಮೇಲೆ ಕೂರಿಸಿ. ಬೇರಿಗೆ ಜಾಗ ಕಮ್ಮಿ ಆದರೆ ಗಿಡ ಕೊಂಬೆ ಬೆಳೆಸೋದು ಬಿಟ್ಟು ಕಾಯಿ ಕಡೆ ಗಮನ ಕೊಡುತ್ತೆ. ನನ್ನ ಕೊಟ್ಟಿಗೆ ಪಕ್ಕದ ಗಿಡ ಸೋತಿದ್ದರಲ್ಲಿ ಮಳೆಯ ಪಾಲು ಎಷ್ಟೋ, ಅತಿ ಗೊಬ್ಬರದ ಪಾಲೂ ಅಷ್ಟೇ.

ಮಣ್ಣು: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ನಮ್ಮ ಕಡೆ ಮಣ್ಣು ಹುಳಿ. ಕಾಫಿಗೆ ಸುಣ್ಣ ಹಾಕೋದು ಅದಕ್ಕೇ. ಅಂಜೂರಕ್ಕೆ ಹುಳಿ ಮಣ್ಣು ಕಾಫಿಗಿಂತಲೂ ಹಿಡಿಸಲ್ಲ. ಮಣ್ಣು, ಮರಳಿಗೆ ಮೊದಲು ಒಂದು ಹಿಡಿ ಕೃಷಿ ಸುಣ್ಣ ಬೆರೆಸಿ, ಹದಿನೈದು ದಿನ ಬಿಟ್ಟು ಆಮೇಲೆ ಗೊಬ್ಬರ ಸೇರಿಸಿ. ಎರಡೂ ಒಟ್ಟಿಗೆ ಹಾಕಬೇಡಿ. ಯೂರಿಯಾ ಕಡೆ ತಲೆ ಹಾಕಬೇಡಿ, ಬರೀ ಎಲೆ ಬರುತ್ತೆ.

ತಿಂಗಳ ಲೆಕ್ಕ ಹೀಗೆ

ಇಡೀ ಗುಟ್ಟು ಇರೋದು ಇಲ್ಲೇ. ಕಾಯಿ ಕಚ್ಚಿದ ಮೇಲೆ ಹಣ್ಣಾಗೋಕೆ ಸುಮಾರು ನಾಲ್ಕು ತಿಂಗಳು ಬೇಕು. ಜೂನ್‌ನಲ್ಲಿ ಕಚ್ಚಿದರೆ ಮಳೆ ಪಾಲು. ನವೆಂಬರ್‌ನಲ್ಲಿ ಕಚ್ಚೋ ಹಾಗೆ ಮಾಡಬೇಕು.

ಅಕ್ಟೋಬರ್: ದಸರಾ ಮುಗಿದ ಕೂಡಲೇ ಗಿಡ ಸವರಿ. ಹೋದ ವರ್ಷದ ಕೊಂಬೆಗಳಲ್ಲಿ ಮೂರು ನಾಲ್ಕು ಗೆಣ್ಣು ಬಿಟ್ಟು ಮಿಕ್ಕಿದ್ದು ಕತ್ತರಿಸಿ. ಮೇಲ್ಮಣ್ಣು ತೆಗೆದು ಹೊಸ ಗೊಬ್ಬರ ಹಾಕಿ, ನೀರು ಶುರು ಮಾಡಿ.

ನವೆಂಬರ್, ಡಿಸೆಂಬರ್: ಹೊಸ ಚಿಗುರು ಬರುತ್ತೆ. ಎಲೆ ತೊಟ್ಟಿನ ಬುಡದಲ್ಲಿ ಬಟಾಣಿಯಷ್ಟು ಕಾಯಿ ಕಾಣುತ್ತೆ. ಚಿಗುರಿಗೆ ಆರು ಎಲೆ ಆದಾಗ ತುದಿ ಚಿವುಟಿ. ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಇದನ್ನ ಮರೆಯೋರೇ ಜಾಸ್ತಿ.

ಜನವರಿ: ಕಾಯಿ ಬೆಳೆಯೋದು ನಿಂತ ಹಾಗೆ ಕಾಣುತ್ತೆ. ಗಾಬರಿ ಬೇಡ. ಅಂಜೂರ ಬೆಳೆಯೋದೇ ಹಾಗೆ. ಮೊದಲು ಬೇಗ ದಪ್ಪ ಆಗುತ್ತೆ, ನಡುವೆ ವಾರಗಟ್ಟಲೆ ನಿಲ್ಲುತ್ತೆ, ಕೊನೆಗೆ ಕೆಲವೇ ದಿನದಲ್ಲಿ ಉಬ್ಬಿ ಹಣ್ಣಾಗುತ್ತೆ. ಈ ಹೊತ್ತಲ್ಲಿ 'ಏನೋ ಕಮ್ಮಿ ಆಗಿದೆ' ಅಂತ ಗೊಬ್ಬರ ಸುರಿದರೆ ಕೆಟ್ಟಿತು.

ಮಾರ್ಚ್, ಏಪ್ರಿಲ್: ಬಿಸಿಲು ಏರ್ತಿದ್ದ ಹಾಗೆ ಹಣ್ಣು. ಡ್ರಮ್ಮಿಗೆ ದಿನಾ ಒಂದೇ ಅಳತೆ ನೀರು ಕೊಡಿ. ಮೂರು ದಿನ ಒಣಗಿಸಿ ನಾಲ್ಕನೇ ದಿನ ಕೊಡ ತುಂಬಾ ಸುರಿದರೆ ಹಣ್ಣು ಸೀಳುತ್ತೆ. ಕಾಫಿಗೆ ಹೂಮಳೆ ಬೇಕು, ಅಂಜೂರಕ್ಕೆ ಅದೇ ಮಳೆ ಬೇಡ. ಮೋಡ ಕಂಡರೆ ಮೇಲೆ ಒಂದು ಟಾರ್ಪಲ್ ಕಟ್ಟಿ.

ಜೂನ್‌ನಿಂದ ಸೆಪ್ಟೆಂಬರ್: ರಜೆ. ನಾಲ್ಕು ಗೂಟ ನೆಟ್ಟು ಮೇಲೆ ಶೀಟ್ ಹಾಕಿ, ಇಲ್ಲಾ ಮಳೆ ಬೀಳದ ಸೂರಿನ ಕೆಳಗೆ ಇಡಿ. ಕಾಫಿ ಒಣಗಿಸೋ ಪಾಲಿಹೌಸ್ ಇದ್ದವರಿಗೆ ಮಳೆಗಾಲದಲ್ಲಿ ಅದು ಖಾಲಿನೇ ಇರುತ್ತೆ. ಬುಡ ಪೂರ್ತಿ ಒಣಗದಷ್ಟು ನೀರು ಕೊಟ್ಟರೆ ಸಾಕು. ಎಲೆ ಉದುರುತ್ತೆ, ಉದುರಲಿ.

ತುಕ್ಕು, ಕೊರಕ, ಹಕ್ಕಿ

ಎಲೆ ಅಡಿಯಲ್ಲಿ ಕಂದು ಪುಡಿ ಕಂಡರೆ ತುಕ್ಕು ರೋಗ. ಕಾಫಿ ತುಕ್ಕಿನ ಹಾಗೆ ಕಂಡರೂ ಶಿಲೀಂಧ್ರ ಬೇರೆ, ಒಂದರಿಂದ ಒಂದಕ್ಕೆ ಹರಡಲ್ಲ. ಉದುರಿದ ಎಲೆ ಗುಡಿಸಿ ಸುಟ್ಟುಬಿಡಿ. ಅಡಿಕೆ ಕೊಳೆಗೆ ಹೊಡೆಯೋ ಶೇಕಡಾ 1ರ ಬೋರ್ಡೋ ದ್ರಾವಣವೇ ಇದಕ್ಕೂ ಔಷಧಿ. ಒಂದು ಗಿಡಕ್ಕೆ ಒಂದು ಲೀಟರ್ ಸಾಕು. 10 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ ಕರಗಿಸಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕಿ. ಪ್ಲಾಸ್ಟಿಕ್ ಬಕೆಟ್ ಬಳಸಿ. ಕಬ್ಬಿಣದ ಚಾಕು ಅದ್ದಿ ನೋಡಿದಾಗ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಮೇ ಕೊನೆಗೆ ಒಂದು ಸಲ, ಮಳೆ ಬಿಡುವಿನಲ್ಲಿ ಇನ್ನೊಂದು ಸಲ ಹೊಡೀರಿ. ಹಣ್ಣಾಗೋ ಹೊತ್ತಲ್ಲಿ ಬೇಡ.

ಕಾಂಡದಲ್ಲಿ ತೂತು, ಬುಡದಲ್ಲಿ ಮರದ ಹೊಟ್ಟು ಕಂಡರೆ ಕಾಂಡ ಕೊರಕ ಒಳಗಿದೆ. ತಂತಿ ಹಾಕಿ ಹುಳ ಚುಚ್ಚಿ, ಸೀಮೆಎಣ್ಣೆ ಅದ್ದಿದ ಹತ್ತಿ ತುರುಕಿ ಮಣ್ಣಿನಿಂದ ಮುಚ್ಚಿ. ಹಣ್ಣಿಗೆ ಪಿಕಳಾರ, ಬಾವಲಿ, ಮಂಗ ಎಲ್ಲರೂ ಪಾಲುದಾರರು. ಉಬ್ಬೋಕೆ ಶುರುವಾದ ತಕ್ಷಣ ಒಂದೊಂದಕ್ಕೂ ತೆಳು ಬಟ್ಟೆ ಚೀಲ ಕಟ್ಟಿದರೆ ಹಕ್ಕಿ, ಬಾವಲಿ ಕಾಟ ತಪ್ಪುತ್ತೆ. ಮಂಗಕ್ಕೆ ಮಾತ್ರ ನಾಯಿನೇ ಗತಿ.

ಕೀಳೋದು ಯಾವಾಗ?

ಅರೆಬಲಿತಿದ್ದು ಕಿತ್ತು ಅಕ್ಕಿ ಡಬ್ಬಿಯಲ್ಲಿಟ್ಟರೆ ಮಾವಿನ ಹಾಗೆ ಹಣ್ಣಾಗಲ್ಲ. ಮರದಲ್ಲೇ ಹಣ್ಣಾಗಬೇಕು. ತೊಟ್ಟು ಬಾಗಿ ಹಣ್ಣು ಜೋತು ಬಿದ್ದಿರಬೇಕು, ಮುಟ್ಟಿದರೆ ಮೆತ್ತಗಿರಬೇಕು. ಕಿತ್ತಾಗ ತೊಟ್ಟಿನಿಂದ ಬಿಳಿ ಹಾಲು ಸುರಿದರೆ ಇನ್ನೂ ಎರಡು ದಿನ ಕಾಯಬೇಕಿತ್ತು ಅಂತ ತಿಳೀರಿ. ಆ ಹಾಲು ಮೈಗೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತೆ. ಸವರುವಾಗ ಕೈಗೆ ಗ್ಲೌಸ್ ಇರಲಿ, ಮಕ್ಕಳನ್ನ ದೂರ ಇಡಿ.

ಎಕರೆಗಟ್ಟಲೆ ಹಾಕಬಹುದಾ?

ಇದು ಮುಖ್ಯ ಪ್ರಶ್ನೆ. ಶೃಂಗೇರಿ, ಕೊಪ್ಪ, ಕಳಸ ಕಡೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗದಿಂದ ಅಡಿಕೆ ತೋಟ ಹಾಳಾದವರು ಬೇರೆ ಬೆಳೆ ಹುಡುಕ್ತಿದ್ದಾರೆ. ಅಂಥವರ ಮನೆಗೆ 'ಅಂಜೂರ ಹಾಕಿ, ನಾವೇ ಖರೀದಿ ಮಾಡ್ತೀವಿ' ಅಂತ ಏಜೆಂಟರು ಬರೋಕೆ ಶುರುವಾಗಿದೆ. ಮೊನ್ನೆ ನಮ್ಮ ಊರಿನ ಹಿರಿಯರೊಬ್ಬರು ನನ್ನ ಡ್ರಮ್ ನೋಡಿ, 'ಎಂತ ಮಾರಾಯ, ನಿಂಗೆ ಇಷ್ಟು ಬಂದ್ರೆ ನಾನು ಅರ್ಧ ಎಕರೆ ಹಾಕ್ಲಾ?' ಅಂತ ಕೇಳಿದ್ರು. 'ಬೇಡಿ ಮಾವ' ಅಂದೆ.

ಕಾರಣ ಸರಳ. ಡ್ರಮ್ಮಿಗೆ ಟಾರ್ಪಲ್ ಕಟ್ಟಬಹುದು, ಅರ್ಧ ಎಕರೆಗೆ ಕಟ್ಟೋಕೆ ಆಗುತ್ತಾ? ದೊಡ್ಡ ಮಟ್ಟದ ಅಂಜೂರ ಬಳ್ಳಾರಿ, ಕೊಪ್ಪಳದಂಥ ಒಣ ಸೀಮೆಯ ಬೆಳೆ. 2016ರಲ್ಲಿ ಜಿಐ ಟ್ಯಾಗ್ ಪಡೆದ ಪುಣೆ ಜಿಲ್ಲೆಯ ಪುರಂದರ ಅಂಜೂರವೂ ಮಳೆ ಕಮ್ಮಿ ಇರೋ ಕಡೆಯದ್ದೇ. ಅಲ್ಲಿಯವರ ಜೊತೆ ನಾವು ಬಯಲಲ್ಲಿ ಪೈಪೋಟಿ ಮಾಡೋಕಾಗಲ್ಲ. ಅದೂ ಅಲ್ಲದೆ ತಾಜಾ ಅಂಜೂರ ಎರಡು ಮೂರು ದಿನಕ್ಕಿಂತ ಹೆಚ್ಚು ಉಳಿಯಲ್ಲ. ನಮ್ಮ ಹಣ್ಣಿನ ಅಂಗಡಿಯವರು ಅದನ್ನ ತರಿಸೋಕೆ ಹಿಂದೆ ಮುಂದೆ ನೋಡೋದೂ ಅದಕ್ಕೇ.

ಆದರೆ ಅಲ್ಲೇ ಒಂದು ಸಣ್ಣ ದಾರಿ ಇದೆ. ಐದಾರು ಡ್ರಮ್ ಇದ್ದರೆ ಬೆಳಗ್ಗೆ ಕಿತ್ತ ಹಣ್ಣು ಅದೇ ದಿನ ಪಕ್ಕದ ಹೋಂಸ್ಟೇಗೋ, ಪೇಟೆಯ ಜ್ಯೂಸ್ ಅಂಗಡಿಗೋ ಕೊಡಬಹುದು. ಮಾರ್ಚ್, ಏಪ್ರಿಲ್ ಪ್ರವಾಸಿಗರು ಬರೋ ಕಾಲವೇ. ಇದು ಮನೆ ಖರ್ಚಿಗೆ ಆಗೋ ಕಾಸು, ಅಡಿಕೆ ಸಾಲ ತೀರಿಸೋ ಬೆಳೆ ಅಲ್ಲ. ಆ ಆಸೆ ತೋರಿಸಿದವರ ಹತ್ತಿರ ಕಾಗದದ ಮೇಲೆ ಬರೆಸಿಕೊಳ್ಳದೆ ಒಂದು ರೂಪಾಯಿ ಕೊಡಬೇಡಿ. ತೋಟ ಬದಲಾಯಿಸೋ ಯೋಚನೆ ಇದ್ದವರು ಮೊದಲು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋಟಗಾರಿಕೆ ಕಾಲೇಜಿನಲ್ಲೋ ಒಂದು ಮಾತು ಕೇಳಿ.

ಗಾಡಿಯವನನ್ನ ಕೇಳಬೇಕಾದ ನಾಲ್ಕು ಪ್ರಶ್ನೆ

ಮುಂದಿನ ಸಂತೆಯಲ್ಲಿ ಅಂಜೂರ ಗಿಡ ಕೊಳ್ಳೋ ಮುಂಚೆ ಇಷ್ಟು ಕೇಳಿ. ಇದು ಕಡ್ಡಿ ಗಿಡವೋ ಬೀಜದ್ದೋ? ತಳಿ ಹೆಸರೇನು? ತಾಯಿ ಮರ ಎಲ್ಲಿದೆ, ಹಣ್ಣು ಬಿಡ್ತಿದೆಯಾ? ಬಿಲ್ಲಿನ ಮೇಲೆ ತಳಿ ಹೆಸರು ಬರೆದು ಕೊಡ್ತೀರಾ? ಬರೀ 'ಕಾಬೂಲ್ ಅಂಜೂರ' ಅನ್ನೋದು ತಳಿ ಹೆಸರಲ್ಲ. ನಾಲ್ಕಕ್ಕೂ ಉತ್ತರ ಬಂದರೆ ತಗೊಳ್ಳಿ. ಇಲ್ಲ ಅಂದ್ರೆ ಆ ದುಡ್ಡಲ್ಲಿ ಕಡೂರಿಗೋ ಬೀರೂರಿಗೋ ಬಸ್ ಹತ್ತಿ, ಹಣ್ಣು ಬಿಟ್ಟಿರೋ ಮನೆ ಹುಡುಕಿ ಒಂದು ಕಡ್ಡಿ ಕೇಳಿ. ಕೊಡಲ್ಲ ಅನ್ನೋರು ಕಮ್ಮಿ.

ಮನೆಯಲ್ಲಿ ಈಗಾಗಲೇ ಸೊಂಪಾಗಿ ಬೆಳೆದ ಗಿಡ ಇದ್ದವರು ಕಡಿಯೋ ಮುಂಚೆ ಒಂದು ವರ್ಷ ತಡೀರಿ. ಕಡ್ಡಿ ಗಿಡ ಅಂತ ಗೊತ್ತಿದ್ದರೆ ಈ ದಸರಾಕ್ಕೆ ಚೆನ್ನಾಗಿ ಸವರಿ, ಗೊಬ್ಬರ ನಿಲ್ಲಿಸಿ, ಅಕ್ಕಪಕ್ಕದ ನೆರಳು ತೆಗೆದು ನೋಡಿ. ಮಾರ್ಚ್‌ವರೆಗೆ ಕಾಯೋದರಿಂದ ಕಳೆದುಕೊಳ್ಳೋದು ಏನೂ ಇಲ್ಲ.